ತಮ್ಮನ ದಫ್ತರ

ಅಕ್ಟೋಬರಿನ ಕೊನೆಯ ಭಾನುವಾರಕ್ಕೆ ಒಂದು ವಾರ ಮೊದಲು ನಮ್ಮ ಚರ್ಚಿನ ಅಂಗಳದಲ್ಲಿ ಕುಂಬಳಕಾಯಿಗೆ ಬೆಳ್ಳಿಯ ಬೆಲೆ ಬರುತ್ತದೆ. ಅಂದು ಮಿಷನ್ ಭಾನುವಾರ. ಬೆಳಗಿನ ಪೂಜೆ ಮುಗಿದ ಮೇಲೆ ಶಾಮಿಯಾನದ ಕೆಳಗೆ ಹರಾಜು. ಯಾರದೋ ಹಿತ್ತಲಿನ ಬಾಳೆಗೊನೆ, ಕಾಲು ಕಟ್ಟಿದ ನಾಟಿ ಕೋಳಿ, ನಿಂಬೆಕಾಯಿ ಉಪ್ಪಿನಕಾಯಿಯ ಜಾಡಿ, ಎಲ್ಲವೂ ಮೈಕಿನಲ್ಲಿ ಕೂಗಿಸಿಕೊಂಡು ಮಾರಾಟವಾಗುತ್ತವೆ. ಕಳೆದ ವರ್ಷ ಒಂದೇ ಒಂದು ನಾಟಿ ಮೊಟ್ಟೆ ನೂರ ಎಪ್ಪತ್ತು ರೂಪಾಯಿಗೆ ಹೋಯಿತು. ಕೊಂಡವರು ಅದನ್ನು ಮತ್ತೆ ಹರಾಜಿಗೇ ಕೊಟ್ಟರು. ಎರಡನೆಯ ಸಲ ಇನ್ನೂರು ದಾಟಿತು. ಮೂರನೆಯ ಸಲ ಕೂಗುವಷ್ಟರಲ್ಲಿ ಮೇಜಿನಿಂದ ಉರುಳಿ ಒಡೆದುಹೋಯಿತು.

ಪೋಪ್ ಹನ್ನೊಂದನೆಯ ಪಯಸ್ 1926ರಲ್ಲಿ ಗೊತ್ತುಮಾಡಿದ ದಿನ ಇದು. ಅಂದು ಜಗತ್ತಿನ ಕಥೋಲಿಕ ಚರ್ಚುಗಳಲ್ಲಿ ಕೂಡುವ ಕಾಣಿಕೆ ಮಿಷನ್ ಕೆಲಸಕ್ಕೆ ಹೋಗುತ್ತದೆ. ನಾವು ಚಿಕ್ಕವರಿದ್ದಾಗ ಮನೆಮನೆಗೂ ಒಂದು ರಟ್ಟಿನ ಡಬ್ಬಿ ಕೊಡುತ್ತಿದ್ದರು. ಮೇಲೆ ದೊಡ್ಡ ಕಣ್ಣಿನ ಕಪ್ಪು ಮಗುವೊಂದರ ಚಿತ್ರ. ನನ್ನ ತಮ್ಮ ಒಮ್ಮೆ ಅದರೊಳಗೆ ಬಾಚಣಿಗೆಯ ತುದಿ ತೂರಿಸಿ ಎರಡು ರೂಪಾಯಿ ಎಬ್ಬಿಸಿಕೊಂಡು ಕಡಲೆ ಮಿಠಾಯಿ ತಿಂದ. ನನಗೂ ಅರ್ಧ ಕೊಟ್ಟಿದ್ದರಿಂದ ನಾನು ಬಾಯಿ ಬಿಡಲಿಲ್ಲ. ಆಫ್ರಿಕಾಕ್ಕೆ ನಮ್ಮ ಮನೆಯ ಸಾಲ ಶುರುವಾದದ್ದು ಅಲ್ಲಿಂದ.

ಈಗ ಅವನು ಟಾಂಜಾನಿಯಾದಲ್ಲಿ ಪಾದ್ರಿ. ಹತ್ತನೆಯ ತರಗತಿ ಮುಗಿಸಿ ಗುರುಮಠ ಸೇರಿದವನು ಹನ್ನೆರಡು ವರ್ಷಗಳ ಮೇಲೆ ಗುರುದೀಕ್ಷೆ ಪಡೆದ. ಎಲ್ಲಿಗೆ ಹೋಗಲು ಸಿದ್ಧ ಎಂದು ಅವನ ಸಭೆಯ ಹಿರಿಯರು ಕೇಳಿದಾಗ ಯಾರಿಗೂ ಹೇಳದೆ ಆಫ್ರಿಕಾ ಎಂದು ಬರೆದುಕೊಟ್ಟ. ದೀಕ್ಷೆಯ ದಿನ ಹೊಸ ಗುರುವಿನ ಮೊದಲ ಆಶೀರ್ವಾದ ತಂದೆತಾಯಿಗೆ. ಜೀವಮಾನವೆಲ್ಲ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತು ಯಾರಿಗೂ ತಲೆ ತಗ್ಗಿಸದ ಅಪ್ಪ ಮಗನ ಮುಂದೆ ಮಂಡಿಯೂರಿದರು. ಅಮ್ಮ ಅತ್ತಳು, ನಕ್ಕಳು, ಮತ್ತೆ ಅತ್ತಳು. ನನಗೆ ಮಾತ್ರ ಸಿಟ್ಟು. ಬೆಂಗಳೂರಿನಲ್ಲಿ ಬಡವರಿಲ್ಲವೇ, ರೋಗಿಗಳಿಲ್ಲವೇ, ಅಲ್ಲಿಗೇ ಏಕೆ ಹೋಗಬೇಕು ಎಂದು ಅವನನ್ನು ಕೇಳಿದೆ. "ಇಲ್ಲಿ ಇದ್ದರೆ ನಾನು ನಿನ್ನ ತಮ್ಮನಾಗಿಯೇ ಇರುತ್ತೇನಲ್ಲ ಅಕ್ಕ" ಎಂದ. ಅದು ಉತ್ತರವೆಂದು ನನಗೆ ಆಗ ಅನಿಸಲಿಲ್ಲ.

ನಮ್ಮೂರು ಬೇಗೂರಿನ ಕಡೆಯದು. ಒಂದು ಕಾಲದಲ್ಲಿ ರಾಗಿ ಹೊಲ, ಈಗ ಬಡಾವಣೆ. ಕನ್ನಡ ಮಾತಾಡುವ ಕಥೋಲಿಕರು ನಾವು ಎಂದರೆ ಬ್ಯಾಂಕಿನ ಸಹೋದ್ಯೋಗಿಗಳೇ ಇವತ್ತಿಗೂ ಹುಬ್ಬೇರಿಸುತ್ತಾರೆ. ಮಂಗಳೂರಿನವರೇ, ಕೇರಳದವರೇ ಎಂಬ ಪ್ರಶ್ನೆ ತಪ್ಪಿದ್ದಲ್ಲ. ಈ ನಗರ ಮಿಷನರಿಗಳನ್ನು ಬಂದವರಾಗಿ ಮಾತ್ರ ಕಂಡಿದೆ, ಹೋದವರಾಗಿ ಅಲ್ಲ. ಫ್ರೆಂಚ್ ಪಾದ್ರಿ ಆಬೆ ದ್ಯುಬುವಾ 1792ರಲ್ಲಿ, ಇಪ್ಪತ್ತಾರರ ಪ್ರಾಯದಲ್ಲಿ ಫ್ರಾನ್ಸ್ ಬಿಟ್ಟವರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದರು. ಈ ನೆಲದ ಉಡುಗೆ ಉಟ್ಟರು, ಇಲ್ಲಿಯ ಊಟ ಉಂಡರು, ಸಿಡುಬಿನ ಲಸಿಕೆ ಹಾಕಿಸಲು ಹಳ್ಳಿ ಹಳ್ಳಿ ತಿರುಗಿದರು. 1823ರಲ್ಲಿ ಪ್ಯಾರಿಸ್ಸಿಗೆ ಮರಳಿದವರು ಮತ್ತೆ ಇತ್ತ ಬರಲಿಲ್ಲ. ಮೂವತ್ತು ವರ್ಷಗಳ ಮೇಲೆ ಅವರು ಬರೆದುಹೇಳಿದ ತೀರ್ಪು ಏನೆಂದರೆ, ಹಿಂದೂಗಳನ್ನು ಕ್ರೈಸ್ತರನ್ನಾಗಿಸುವುದು ಆಗದ ಮಾತು. ತನ್ನ ಇಡೀ ಹರೆಯವನ್ನು ಕೊಟ್ಟ ಕೆಲಸದ ಬಗ್ಗೆ ಅಷ್ಟು ಬಿಚ್ಚಿ ಬರೆಯಲು ಎದೆ ಬೇಕು.

ಕಿಟ್ಟೆಲ್ ಅವರನ್ನು ನಾನು ಹೆಚ್ಚು ಬಲ್ಲೆ, ಏಕೆಂದರೆ ಅವರು ನನ್ನ ಊಟದ ಬಿಡುವಿನ ನೆರೆಯವರು. ಮೇಯೋ ಹಾಲ್ ಬಳಿ ಅವರ ಪ್ರತಿಮೆಯಿದೆ, ನಮ್ಮ ಶಾಖೆಯಿಂದ ಐದು ನಿಮಿಷದ ನಡಿಗೆ. 1853ರಲ್ಲಿ ಕರ್ನಾಟಕಕ್ಕೆ ಬಂದಾಗ ಅವರಿಗೆ ಇಪ್ಪತ್ತೊಂದು. ಸುಮಾರು ಎಪ್ಪತ್ತು ಸಾವಿರ ಪದಗಳ ನಿಘಂಟು ಅಚ್ಚಾದದ್ದು 1894ರಲ್ಲಿ. ಸುವಾರ್ತೆ ಸಾರಲು ಬಂದ ಹುಡುಗ ನಾಲ್ಕು ದಶಕದ ಕೊನೆಗೆ ನಮ್ಮ ಕೈಗೆ ನಮ್ಮದೇ ಮಾತುಗಳನ್ನು ಅಕಾರಾದಿಯಲ್ಲಿ ಜೋಡಿಸಿಟ್ಟು ಹೋದ. ತಮ್ಮ ಹೋದ ಮೇಲೆ ಆ ಪ್ರತಿಮೆಯನ್ನು ನೋಡುವಾಗಲೆಲ್ಲ ನನಗೆ ಬೇರೆಯದೇ ಯೋಚನೆ. ಇಷ್ಟು ಮಾತುಗಳನ್ನು ಇವರಿಗೆ ಹೇಳಿಕೊಟ್ಟವರು ಯಾರು? ಪಂಡಿತರಿದ್ದರು, ಸರಿ. ಆದರೆ ಹಾರೆ ಯಾವುದು, ಗುದ್ದಲಿ ಯಾವುದು ಎಂದು ತೋರಿಸಿದ ರೈತ? ತಪ್ಪು ಉಚ್ಚಾರಕ್ಕೆ ಬಾಯಿಗೆ ಸೆರಗು ಹಿಡಿದು ನಕ್ಕ ಹೆಂಗಸು? ಅವರಿಗೆ ಒಂದು ಇಟ್ಟಿಗೆಯನ್ನೂ ಯಾರೂ ನೆಟ್ಟಿಲ್ಲ.

ತಮ್ಮನಿಗೆ ಮೊದಲ ನಾಲ್ಕು ತಿಂಗಳು ಶಾಲೆ. ವಿಕ್ಟೋರಿಯಾ ಸರೋವರದ ಪೂರ್ವ ದಂಡೆಯಲ್ಲಿ ಮುಸೋಮಾ ಎಂಬ ಪಟ್ಟಣ, ಅಲ್ಲಿ ಸ್ವಾಹಿಲಿ ಪಾಠ. ತತ್ವಶಾಸ್ತ್ರ ಓದಿ, ದೇವಶಾಸ್ತ್ರ ಓದಿ, ಪರೀಕ್ಷೆಗಳಲ್ಲಿ ಮೊದಲಿಗನಾಗಿದ್ದವನು ಅಲ್ಲಿ ನೀರು ಕೇಳಲು ಬಾರದ ಮಗುವಾದ. ಆದರೆ ಎರಡನೆಯ ವಾರಕ್ಕೇ ಒಂದು ಹುರುಪಿನ ಧ್ವನಿ ಸಂದೇಶ ಬಂತು. "ಅಕ್ಕ, ಇಲ್ಲಿ ಬಣ್ಣಕ್ಕೆ ರಂಗಿ, ಲೇಖನಿಗೆ ಕಲಾಮು, ವಕೀಲರಿಗೆ ವಕೀಲಿ, ಲೆಕ್ಕಕ್ಕೆ ಹೆಸಾಬು, ಸುದ್ದಿಗೆ ಹಬಾರಿ. ಬಂಡಿ ಅಂದರೆ ಗಾರಿ, ಅಂಗಡಿ ಅಂದರೆ ದುಕಾ. ಅಜ್ಜ ಹೇಳುತ್ತಿದ್ದ ಮಾತುಗಳೆಲ್ಲ ಇಲ್ಲಿಗೆ ಬಂದು ಕೂತಿವೆ." ಅರಬ್ಬಿ ಹಡಗುಗಳು, ಗುಜರಾತಿ ವ್ಯಾಪಾರಿಗಳು ಹಿಂದೂ ಮಹಾಸಾಗರದ ಎರಡು ದಡಕ್ಕೂ ಒಂದೇ ಮೂಟೆಯಿಂದ ಪದ ಹಂಚಿ ಹೋಗಿದ್ದಾರೆ. ವ್ಯಾಕರಣ ಮಾತ್ರ ಅವರದೇ. ಪುಸ್ತಕ ಒಂದಾದರೆ ಕಿತಾಬು, ಹಲವಾದರೆ ವಿತಾಬು. ಬಹುವಚನ ಪದದ ತಲೆಗೆ ಬರುತ್ತದೆ, ಬಾಲಕ್ಕಲ್ಲ. ರಸ್ತೆಯ ವೃತ್ತಗಳಲ್ಲಿ 'ಕೀಪ್ ಲೆಫ್ಟ್' ಎಂಬ ಫಲಕ ನೋಡಿ ವೃತ್ತಕ್ಕೇ ಕಿಪಿಲೆಫ್ಟಿ ಎಂದು ಹೆಸರಿಟ್ಟ ಜನ ಅವರು. ಎರಡು ವೃತ್ತಗಳಾದರೆ ವಿಪಿಲೆಫ್ಟಿ. ಇದನ್ನು ಕೇಳಿ ಅಪ್ಪ ನಕ್ಕಷ್ಟು ಬೇರೆ ಯಾವುದಕ್ಕೂ ನಕ್ಕದ್ದು ನನಗೆ ನೆನಪಿಲ್ಲ.

ಗಡಿಯಾರದ ಕತೆ ಹೇಳಲೇಬೇಕು. ಸ್ವಾಹಿಲಿಯಲ್ಲಿ ದಿನದ ಗಂಟೆಗಳ ಎಣಿಕೆ ಶುರುವಾಗುವುದು ಸೂರ್ಯೋದಯದಿಂದ. ನಮ್ಮ ಬೆಳಗಿನ ಏಳು ಅವರಿಗೆ ಒಂದನೆಯ ಗಂಟೆ. ಕೇಳಿದರೆ ನ್ಯಾಯವೇ, ಸೂರ್ಯ ಹುಟ್ಟಿದ ಮೇಲಲ್ಲವೇ ದಿನ? ತಮ್ಮ ಇದನ್ನು ಪಾಠದಲ್ಲಿ ಓದಿದ್ದ, ಪರೀಕ್ಷೆಯಲ್ಲಿ ಬರೆದಿದ್ದ. ಆದರೆ ದೂರದ ಒಂದು ಕಿಗಾಂಗೊದಲ್ಲಿ (ಧರ್ಮಕೇಂದ್ರಕ್ಕೆ ಸೇರಿದ ಹೊರಗಿನ ಹಳ್ಳಿಗಳಿಗೆ ಹಾಗೆನ್ನುತ್ತಾರೆ) ಮೊದಲ ಬಾರಿ ತಾನೇ ಪೂಜೆಯ ಸಮಯ ಸಾರುವಾಗ ತಲೆ ಕನ್ನಡದಲ್ಲಿ ಓಡಿತು. ಎಂಟು ಗಂಟೆಗೆ ಎಂದುಕೊಂಡು "ಸಾ ನಾನೆ" ಎಂದುಬಿಟ್ಟ. ಮುಂದಿನ ಭಾನುವಾರ ಎಂಟಕ್ಕೆ ಹೋದರೆ ಚರ್ಚಿನಲ್ಲಿ ಎರಡು ಮೇಕೆಗಳು ಮಾತ್ರ. ಒಂಬತ್ತಾಯಿತು, ಹತ್ತಾಯಿತು. ತನ್ನ ಭಾಷೆ ಕೆಟ್ಟದ್ದು, ತಾನು ಬೇಡದವನು, ಇಲ್ಲಿಗೆ ಬಂದದ್ದೇ ತಪ್ಪು ಎಂದೆಲ್ಲ ಲೆಕ್ಕ ಹಾಕುತ್ತಾ ಬೆಂಚಿನ ಮೇಲೆ ಕೂತ. ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಇಡೀ ಹಳ್ಳಿ ಡೋಲು ಬಾರಿಸಿಕೊಂಡು ಬಂತು. ಅವರ ಎಂಟು ಅದೇ. ಒಬ್ಬರೂ ಅವನನ್ನು ತಿದ್ದಿರಲಿಲ್ಲ. ಈ ಪಾದ್ರಿಗೆ ಬಿಸಿಲೇ ಇಷ್ಟವಿರಬೇಕು ಅಂದುಕೊಂಡರಂತೆ.

ಇನ್ನೊಂದು ಮಾತು, ಅಷ್ಟೆಲ್ಲ ಸ್ವಾಹಿಲಿ ಕಲಿತು ಹಳ್ಳಿಗೆ ಹೋದರೆ ಮುದುಕಿಯರು ಮಾತಾಡುವುದು ಕಿಜಿತಾ. ಕಷ್ಟಪಟ್ಟು ಕನ್ನಡ ಕಲಿತವನನ್ನು ತುಳುನಾಡಿನ ಒಳಗೆ ಬಿಟ್ಟ ಹಾಗೆ.

"ಅಲ್ಲಿ ಎಷ್ಟು ಜನರನ್ನು ಮತಾಂತರ ಮಾಡಿದ್ದಾನೆ ನಿಮ್ಮ ತಮ್ಮ?" ನಮ್ಮ ಶಾಖೆಯ ಒಬ್ಬರು ಚಹಾ ಹೀರುತ್ತಾ ಕೇಳಿದ್ದರು. ಕುಹಕವಿರಲಿಲ್ಲ, ತಿಂಗಳ ಗುರಿ ಕೇಳುವ ಬ್ಯಾಂಕಿನ ಅಭ್ಯಾಸ ಅಷ್ಟೆ. ನಾನು ಆ ರಾತ್ರಿ ಅದನ್ನೇ ತಮ್ಮನಿಗೆ ಕೇಳಿದೆ. ಅವನು ನಕ್ಕ. ಅಲ್ಲಿಯ ಕರಾವಳಿಯ ಬಾಗಮೋಯೊದಲ್ಲಿ ಫ್ರೆಂಚ್ ಪಾದ್ರಿಗಳು ಮಿಷನ್ ನೆಟ್ಟದ್ದು 1868ರಲ್ಲಿ. ಅವನು ಸೇವೆ ಮಾಡುವ ಹಳ್ಳಿಗಳಲ್ಲಿ ಮೂರು ತಲೆಮಾರಿನ ಕ್ರೈಸ್ತರಿದ್ದಾರೆ. "ನನಗಿಂತ ಚೆನ್ನಾಗಿ ಪ್ರಾರ್ಥಿಸುತ್ತಾರೆ, ನಾನು ಯಾರನ್ನು ಬದಲಾಯಿಸಲಿ?" ಎಂದ. ಹಾಗಾದರೆ ದಿನವಿಡೀ ಮಾಡುವುದೇನು? ಹನ್ನೊಂದು ಕಿಗಾಂಗೊಗಳಿಗೆ ಮೋಟರ್ ಸೈಕಲ್ಲಿನಲ್ಲಿ ತಿರುಗುವುದು. ಮಾರ್ಚಿಯಿಂದ ಮೇವರೆಗಿನ ದೊಡ್ಡ ಮಳೆಯಲ್ಲಿ ಆ ಮೋಟರ್ ಸೈಕಲ್ಲನ್ನು ಕೆಸರಿನಿಂದ ಎಳೆಯುವುದು. ಹೆರಿಗೆಗೆ ತಡವಾದವರನ್ನು ಆಸ್ಪತ್ರೆಗೆ ಸೇರಿಸುವುದು, ಶಾಲೆಯ ಶುಲ್ಕಕ್ಕೆ ಹೆಡ್‌ಮಾಸ್ತರರ ಹತ್ತಿರ ವಾಯಿದೆ ಕೇಳುವುದು, ಕೊಳವೆಬಾವಿಯ ಕೈಪಂಪಿನ ಜಗಳ ಬಿಡಿಸುವುದು, ಎರಡು ಸಲ ಮಲೇರಿಯಾದಲ್ಲಿ ಮಲಗುವುದು. ಪ್ರಬೋಧನೆ ಹತ್ತು ನಿಮಿಷವಾದರೆ ಕಾಯುವುದು ಮೂರು ಗಂಟೆ. ಊರಿನ ಮಕ್ಕಳಿಗೆ ಅವನು ಮೊದಲು ಪಾದ್ರಿಯೇ ಅಲ್ಲ, ಮ್ಹಿಂದಿ, ಅಂದರೆ ಇಂಡಿಯಾದವನು. ಅವರು ಕಂಡ ಇಂಡಿಯಾದವರೆಲ್ಲ ಪೇಟೆಯ ಅಂಗಡಿಯವರು. ಆದ್ದರಿಂದ ಬಾಗಿಲಿಗೆ ಬಂದು ಸಕ್ಕರೆ ಎಷ್ಟು ಎಂದು ಕೇಳಿದರು.

ಊಟದ ವಿಷಯಕ್ಕೆ ಬಂದರೆ ನಮ್ಮವರಷ್ಟು ಅದೃಷ್ಟವಂತರು ಯಾರೂ ಇಲ್ಲ. ಉಗಾಲಿ ಎಂದರೆ ಮುದ್ದೆ. ಹೆಚ್ಚಾಗಿ ಮೆಕ್ಕೆಜೋಳದ್ದು, ಆ ಸೀಮೆಯಲ್ಲಿ ಕೆಲವೊಮ್ಮೆ ಮರಗೆಣಸು ಬೆರೆಸಿದ್ದು. ಬಿಸಿ ನೀರಿಗೆ ಹಿಟ್ಟು ಸುರಿದು ಮರದ ಚಮಚೆಯಲ್ಲಿ ತಿರುವುವ ಹೆಂಗಸಿನ ತೋಳನ್ನು ನೋಡಿ ಅವನಿಗೆ ಅಮ್ಮನ ನೆನಪಾಗದೆ ಹೇಗಿದ್ದೀತು? ಅಲ್ಲಿ ಉಲೇಜಿ ಎಂದರೆ ರಾಗಿ, ಅದರ ಗಂಜಿ ಉಜಿ, ನಮ್ಮ ಅಂಬಲಿಯೇ. ರಾಗಿಯ ತವರೇ ಪೂರ್ವ ಆಫ್ರಿಕಾದ ಎತ್ತರದ ಸೀಮೆ, ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದಲೇ ನಮಗೆ ಬಂದದ್ದು. ಇದನ್ನು ತಿಳಿಸಿದಾಗ ಅಮ್ಮ ನಂಬಲಿಲ್ಲ. "ರಾಗಿ ನಮ್ಮದಲ್ಲವಾದರೆ ಇನ್ನೇನು ನಮ್ಮದು?" ಎಂದಳು. ಒಂದು ವ್ಯತ್ಯಾಸವಿದೆ. ಮೊದಲ ದಿನ ತಮ್ಮ ಉಗಾಲಿಯ ತುತ್ತು ಮುರಿದು, ದಾಗಾ ಎಂಬ ಸಣ್ಣ ಒಣಮೀನಿನ ಸಾರಿನಲ್ಲಿ ಅದ್ದಿ, ನಮ್ಮ ರೂಢಿಯಂತೆ ಗುಳುಂ ಎಂದು ನುಂಗಿದ. ಪಂಕ್ತಿಯೇ ಸ್ತಬ್ಧ. ಅವರು ತುತ್ತನ್ನು ಹೆಬ್ಬೆರಳಿನಿಂದ ಗುಳಿ ಮಾಡಿ, ಅದರಲ್ಲಿ ಸಾರು ಎತ್ತಿ, ಅಗಿದು ತಿನ್ನುತ್ತಾರೆ. ಪಾದ್ರಿಗೆ ಹಲ್ಲುನೋವು ಎಂದು ಸುದ್ದಿ ಹಬ್ಬಿತು. ಮರುದಿನ ಯಾರೋ ಬೇರು ತಂದುಕೊಟ್ಟರು.

ಸ್ವಾಹಿಲಿಯಲ್ಲಿ ಒಂದು ಗಾದೆ: ಅತಿಥಿ ಎರಡು ದಿನ, ಮೂರನೆಯ ದಿನ ಅವನ ಕೈಗೆ ಗುದ್ದಲಿ ಕೊಡು. ತಮ್ಮನಿಗೆ ಯಾರೂ ಗಾದೆ ಹೇಳಲಿಲ್ಲ, ಗುದ್ದಲಿಯನ್ನೇ ಕೊಟ್ಟರು. ಉಪದೇಶಿಯ (ಪಾದ್ರಿ ಇಲ್ಲದಾಗ ಹಳ್ಳಿಯಲ್ಲಿ ಪ್ರಾರ್ಥನೆ ನಡೆಸುವವನ) ತಾಯಿ, ಎಲ್ಲರೂ ಬೀಬಿ ಎಂದು ಕರೆಯುವ ಎಂಬತ್ತರ ಅಜ್ಜಿ, ತನ್ನ ಮರಗೆಣಸಿನ ಸಾಲು ತೋರಿಸಿ ಅಗೆ ಎಂದಳು. ಅಂಗೈ ಬೊಕ್ಕೆ ಬಂದ ಫೋಟೊ ನನಗೆ ಬಂತು. ಅವನ ಮುಖದಲ್ಲಿ ಆ ನಗು ನಾನು ದೀಕ್ಷೆಯ ದಿನವೂ ಕಂಡಿರಲಿಲ್ಲ.

ಸಂಜೆಗಳ ಬಗ್ಗೆ ಅವನು ಕಡಿಮೆ ಹೇಳುತ್ತಾನೆ. ಒಮ್ಮೆ ಮಾತ್ರ, ಕರೆಂಟು ಹೋದ ರಾತ್ರಿ, ಒಂದು ವಿಚಿತ್ರ ಬೇಡಿಕೆ ಇಟ್ಟ. ನಮ್ಮ ಬೀದಿಗೆ ಬರುವ ಸೊಪ್ಪಿನ ಗಾಡಿಯವರ ಕೂಗನ್ನು ಮೊಬೈಲಿನಲ್ಲಿ ಹಿಡಿದು ಕಳಿಸಬೇಕಂತೆ. ಪ್ರಾರ್ಥನೆಗೀತೆ ಬೇಡ, ಭಾವಗೀತೆ ಬೇಡ, "ದಂಟು, ಮೆಂತ್ಯ, ಸಬ್ಬಸಿಗೆ" ಬೇಕು. ಕಳಿಸಿದೆ. ಹಿನ್ನೆಲೆಯಲ್ಲಿ ಅಪ್ಪ ಕೆಮ್ಮಿದ್ದೂ ಅದರಲ್ಲಿ ಸೇರಿಕೊಂಡಿತ್ತು.

ಅವನು ಹೋದ ಎರಡನೆಯ ವರ್ಷ ಅಪ್ಪ ತೀರಿಕೊಂಡರು. ಬೆಳಗಿನ ಜಾವ ಎದೆನೋವು, ಆಟೋದಲ್ಲೇ ಮುಗಿಯಿತು. ತಮ್ಮನ ಪಾಸ್‌ಪೋರ್ಟ್ ವಾಸದ ಪರವಾನಗಿಯ ನವೀಕರಣಕ್ಕೆಂದು ಅಲ್ಲಿನ ಒಂದು ಕಚೇರಿಯಲ್ಲಿತ್ತು. ಶುಕ್ರವಾರ ಸಂಜೆ ಮುಚ್ಚಿದ ಕಚೇರಿ ಸೋಮವಾರದವರೆಗೆ ತೆರೆಯುವುದಿಲ್ಲ. ಪಾಸ್‌ಪೋರ್ಟ್ ಸಿಕ್ಕರೂ ಮ್ವಾನ್ಜಾಕ್ಕೆ ಬಸ್ಸು, ಅಲ್ಲಿಂದ ವಿಮಾನ, ಇನ್ನೊಂದು ವಿಮಾನ, ಎರಡು ದಿನ. ಶವವನ್ನು ಇಟ್ಟು ಕಾಯೋಣವೇ ಎಂದು ಚಿಕ್ಕಪ್ಪ ಕೇಳಿದರು. ಅಮ್ಮ ಬೇಡವೆಂದಳು. ಅಪ್ಪನಿಗೆ ಬಾಡಿಗೆ ಜಾಗದಲ್ಲಿ ಇರುವುದು ಯಾವತ್ತೂ ಇಷ್ಟವಿರಲಿಲ್ಲ ಎಂಬುದು ಅವಳು ಕೊಟ್ಟ ಕಾರಣ.

ಸಮಾಧಿಯ ಬಳಿ ನಾನು ಮೊಬೈಲ್ ಎತ್ತಿ ಹಿಡಿದಿದ್ದೆ. ಪರದೆಯಲ್ಲಿ ತಮ್ಮ ಬಿಳಿ ನಿಲುವಂಗಿ ತೊಟ್ಟು ಕೂತಿದ್ದ, ಆಗಾಗ ಸ್ತಬ್ಧಚಿತ್ರವಾಗುತ್ತಿದ್ದ. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕುವಾಗ "ಅಕ್ಕ, ನನ್ನ ಹೆಸರಿನಲ್ಲಿ ಒಂದು ಹಿಡಿ" ಎಂದ. ಎಡಗೈಯಲ್ಲಿ ಅವನಿದ್ದ, ಬಲಗೈಯಲ್ಲಿ ಎರಡು ಸಲ ಮಣ್ಣು ಹಾಕಿದೆ. ಇಲ್ಲಿ ಇದ್ದರೆ ನಿನ್ನ ತಮ್ಮನಾಗಿಯೇ ಇರುತ್ತೇನೆ ಎಂದಿದ್ದನಲ್ಲ, ಅಂದು ತಮ್ಮನಾಗಿ ಇರಬಾರದಿತ್ತೇ ಎಂದು ನನ್ನ ಹೊಟ್ಟೆ ಉರಿಯಿತು. ಮುಂದಿನ ಎರಡು ವಾರ ನಾನು ಅವನ ಕರೆ ಎತ್ತಲಿಲ್ಲ. ಸಣ್ಣತನವೇ, ಒಪ್ಪುತ್ತೇನೆ.

ಅತ್ತ ಏನು ನಡೆದಿತ್ತು ಎಂಬುದು ನಮಗೆ ಗೊತ್ತಾದದ್ದು ಮೂರು ವರ್ಷ ತುಂಬಿ ಅವನು ಈ ಮೇ ತಿಂಗಳಲ್ಲಿ ರಜೆಗೆ ಬಂದಾಗ. ಸುಟ್ಟು ಕಪ್ಪಾಗಿದ್ದ, ತೋಳು ಗಟ್ಟಿಯಾಗಿತ್ತು, ಕನ್ನಡ ಒಂದಿಷ್ಟು ಸವೆದಿತ್ತು. ನಮ್ಮ ಚರ್ಚಿನಲ್ಲಿ ಭಾನುವಾರದ ಕನ್ನಡ ಪೂಜೆ ಅವನಿಗೇ ಬಿಟ್ಟುಕೊಟ್ಟರು. ಈ ನಗರದಲ್ಲಿ ಕನ್ನಡದಲ್ಲಿ ಪೂಜೆ ಬೇಕೆಂದು ಹಿರಿಯರು ಎಷ್ಟೆಲ್ಲ ಹೋರಾಡಿದ್ದಾರೆ ಎಂಬುದು ಕಥೋಲಿಕರಲ್ಲದವರಿಗೆ ಅಷ್ಟಾಗಿ ಗೊತ್ತಿಲ್ಲ. 1960ರ ದಶಕದ ವ್ಯಾಟಿಕನ್ ಮಹಾಸಭೆ ಲ್ಯಾಟಿನ್ ಬದಲು ಜನರ ನುಡಿಯಲ್ಲಿ ಪೂಜಿಸಬಹುದು ಎಂದಿತು. ಬೆಂಗಳೂರಿನಲ್ಲಿ ಜನರ ನುಡಿ ಯಾವುದು ಎಂಬ ಜಗಳ ಅಂದಿನಿಂದ ಇಂದಿನವರೆಗೂ ಪೂರ್ತಿ ಆರಿಲ್ಲ. ಅಂಥ ಪೂಜೆಯಲ್ಲಿ ನಮ್ಮ ಮನೆಯ ಹುಡುಗನೇ ಪ್ರಬೋಧನೆಯ ನಡುವೆ ಒಂದು ಪದಕ್ಕೆ ತಡವರಿಸಿ ನಿಂತ. "ನಮಗೆ ಬೇಕಾದದ್ದು... ಸುಬೀರಾ" ಎಂದುಬಿಟ್ಟ. ನನ್ನ ಮುಖ ಕೆಂಪಾಯಿತು. ಹಿಂದಿನ ಬೆಂಚಿನಿಂದ ಒಬ್ಬ ಮುದುಕರು ಗಟ್ಟಿಯಾಗಿ, "ಹೌದು ಸ್ವಾಮಿ, ಸಬೂರಿ ಬೇಕು" ಎಂದರು.

ಅದೇ ದಿನ ಮಧ್ಯಾಹ್ನ ಅವನು ಪೆಟ್ಟಿಗೆಯಿಂದ ಒಂದು ಶಾಲಾ ಪುಸ್ತಕ ತೆಗೆದ. ನೀಲಿ ರಟ್ಟು, ಮೂಲೆ ಮಡಚಿದೆ, ಒಳಗೆ ಬಾಲ್‌ಪೆನ್ನಿನ ಸಾಲುಗಳು. ಅದಕ್ಕೆ ಅವರು ದಫ್ತಾರಿ ಎನ್ನುತ್ತಾರೆ, ನಮ್ಮ ದಫ್ತರದ ನೆಂಟ. ಅಪ್ಪನ ಸುದ್ದಿ ತಿಳಿದ ಸಂಜೆ ಊರಿನವರು ಅವನ ಮನೆಯ ಮುಂದೆ ಚಾಪೆ ಹಾಸಿ ಕೂತರಂತೆ. ಶವವಿಲ್ಲ, ಸಮಾಧಿಯಿಲ್ಲ, ಸತ್ತವರನ್ನು ಅವರು ನೋಡಿಯೂ ಇಲ್ಲ. ಆದರೂ ಅದು ಸಾವಿನ ಮನೆ. ಹೆಂಗಸರು ಮೂರು ಕಲ್ಲು ಹೂಡಿ ಒಲೆ ಹಚ್ಚಿದರು, ಗಂಡಸರು ಬೆಂಕಿಯ ಸುತ್ತ ಬೆಳಗಿನವರೆಗೆ ಕೂತರು. ಒಬ್ಬೊಬ್ಬರಾಗಿ ಬಂದು "ಪೋಲೆ" ಎಂದರು. ಆ ಪದಕ್ಕೆ ಸರಿಯಾದ ಕನ್ನಡ ಅವನಿಗೆ ಈಗಲೂ ಸಿಕ್ಕಿಲ್ಲ. ಎಡವಿ ಬಿದ್ದವನಿಗೂ, ದುಡಿದು ದಣಿದವನಿಗೂ, ತಂದೆ ಸತ್ತವನಿಗೂ ಅದೇ ಒಂದು ಮಾತು. ಹಾಗೆ ಬಂದವರೆಲ್ಲ ರಂಬಿರಂಬಿ ಎಂಬ ಕಾಣಿಕೆ ಕೊಟ್ಟರು, ಉಪದೇಶಿ ಅದನ್ನು ಈ ಪುಸ್ತಕದಲ್ಲಿ ಬರೆದ. ಮೂರನೆಯ ದಿನ ಎಲ್ಲರ ಮುಂದೆ ಓದಿ ಹೇಳಿ ಕೈಗೆ ಕೊಟ್ಟರು. ಆ ದಿನಗಳಲ್ಲೇ ನಾನು ನನ್ನ ಮೊಬೈಲನ್ನು ಮಗುಚಿ ಇಟ್ಟಿದ್ದೆ.

ಅಮ್ಮ ಕನ್ನಡಕ ತಂದಳು. "ಓದು" ಎಂದಳು.

ಅವನು ಓದಿದ. ಹೆಸರು, ಸಾವಿರ ಶಿಲಿಂಗ್. ಅದು ನಮ್ಮ ಮೂವತ್ತು ರೂಪಾಯಿ ಚಿಲ್ಲರೆ. ಹೆಸರು, ಐನೂರು. ಹೆಸರು, ಒಂದು ಡೆಬೆ (ಡಬ್ಬ) ಮೆಕ್ಕೆಜೋಳ. ಹೆಸರು, ಒಂದು ಹುಂಜ. ಹೆಸರು, ಸೌದೆ. ನಾಲ್ಕು ಪುಟ ತುಂಬಿತ್ತು. ಕೊನೆಯ ಪುಟದಲ್ಲಿ ಬೀಬಿಯ ಹೆಸರು, ಎದುರಿಗೆ "ಯಾಯಿ ಮೊಜಾ". ಒಂದು ಮೊಟ್ಟೆ.

"ಇದು ಮುಯ್ಯಿ ಪುಸ್ತಕ" ಎಂದಳು ಅಮ್ಮ.

"ಮುಯ್ಯಿ ಮದುವೆಗಲ್ಲವೇನಮ್ಮ?" ಎಂದೆ ನಾನು.

"ಯಾವುದಕ್ಕಾದರೂ ಆಗಲಿ. ತೆಗೆದುಕೊಂಡದ್ದನ್ನು ಬರೆದಿಟ್ಟಿದ್ದಾರೆ ಅಂದಮೇಲೆ ತೀರಿಸಬೇಕು."

ತಮ್ಮ ಆ ಪುಸ್ತಕವನ್ನು ಮರಳಿ ಒಯ್ಯಲು ಅವಳು ಬಿಡಲಿಲ್ಲ. ಹೆಸರುಗಳನ್ನು ಅವನ ಕೈಯಲ್ಲೇ ಕನ್ನಡದಲ್ಲಿ ಬರೆಸಿಕೊಂಡು ಹಿಟ್ಟಿನ ಡಬ್ಬದ ಪಕ್ಕ ಇಟ್ಟಿದ್ದಾಳೆ. ಭಾನುವಾರದ ಕರೆಯಲ್ಲಿ ಈಗ ಕುಶಲ ಪ್ರಶ್ನೆ ಕಡಿಮೆ. ಹುಂಜ ಕೊಟ್ಟವರ ಮಗಳ ಮದುವೆ ಆಯಿತೇ, ಸೌದೆ ಕೊಟ್ಟವರ ಮೊಣಕಾಲು ಹೇಗಿದೆ, ಯಾರ ಮನೆಯಲ್ಲಾದರೂ ಸಾವೇ, ಹೆರಿಗೆಯೇ? ಆದದ್ದು ತಿಳಿದರೆ ತನ್ನ ಪಿಂಚಣಿಯಿಂದ ಇಷ್ಟು ಕೊಡು ಎಂದು ಅವನಿಗೆ ಹೇಳುತ್ತಾಳೆ, ಆ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾಳೆ. ಬೀಬಿಯ ಸಾಲು ಮಾತ್ರ ಹಾಗೇ ಉಳಿದಿತ್ತು. ಒಂದು ಮೊಟ್ಟೆಗೆ ಹಣ ಕೊಟ್ಟರೆ ಅಜ್ಜಿಗೆ ಅವಮಾನ ಎಂಬುದು ಅವಳ ಅಂಬೋಣ.

ಈ ಸಲದ ಮಿಷನ್ ಭಾನುವಾರ ಮಳೆ ಹನಿಯುತ್ತಿತ್ತು. ಬಾಳೆಗೊನೆ ಹೋಯಿತು, ಕೋಳಿ ಹೋಯಿತು. ಮೊಟ್ಟೆ ಮೇಜಿಗೆ ಬಂದಾಗ ನನ್ನ ಪಕ್ಕದಲ್ಲಿ ಕೂತಿದ್ದ ಅಮ್ಮ ಕೈ ಎತ್ತಿದಳು. ನೂರು. ಯಾರೋ ನೂರಿಪ್ಪತ್ತು ಎಂದರು. ಅಮ್ಮ ನೂರೈವತ್ತು ಎಂದಳು. ನಾನು ಅವಳ ಸೆರಗು ಜಗ್ಗಿದೆ, ಕೊಡವಿಕೊಂಡಳು. ಇನ್ನೂರ ಅರವತ್ತಕ್ಕೆ ನಿಂತಿತು. ರಸೀದಿ ಬರೆಯುವವರು ತಲೆ ಎತ್ತದೆ ಹೆಸರು ಕೇಳಿದರು. ಅಮ್ಮ ಬೀಬಿಯ ಪೂರ್ತಿ ಹೆಸರನ್ನು ಒಂದೊಂದೇ ಅಕ್ಷರವಾಗಿ ಬಿಡಿಸಿ ಹೇಳಿದಳು. ಅವರು ಬರೆದುಕೊಂಡು, ಪೆನ್ನು ಕಿವಿಯ ಮೇಲೆ ಸಿಕ್ಕಿಸಿ, ಕೇಳಿದರು:

"ಇವರು ಯಾವ ಬೀದಿಯವರು?"